ಬಿಸಿನೀರು ಹಾಕಿದರೆ ಹೋಗುತ್ತದೆ

ಕೆಳಗಿನ ಮನೆಯ ಮಗುವಿನ ಅಳು ನಿಂತುಹೋಗಿತ್ತು.

ಗಾಬರಿಯಾಗಬೇಡಿ. ನಿಮ್ಮ ಪಾಲಿನ ಗಾಬರಿಯನ್ನೂ ನಾನೇ ಪಟ್ಟಾಗಿದೆ.

ವಿಜಯನಗರದ ನಮ್ಮ ಮನೆಯ ಕೆಳಗೆ ಬಾಡಿಗೆಗಿರುವ ರೂಪಾಗೆ ಹೆಣ್ಣುಮಗು. ಬಾಣಂತನಕ್ಕೆ ಅವಳ ತಾಯಿ ಗಿರಿಜಮ್ಮ ದಾವಣಗೆರೆಯಿಂದ ಬಂದಿದ್ದಾರೆ. ದಿನಾ ಬೆಳಿಗ್ಗೆ ಅವರು ಎಣ್ಣೆ ನೀವಿ ನೀರು ಹಾಕುವಾಗ ಮಗು ಬೀದಿಗೆಲ್ಲ ಕೇಳುವಂತೆ ಅಳುತ್ತಿತ್ತು. ಅದೇ ನನ್ನ ಅಲಾರಂ. ಕಳೆದ ವಾರ ಅಲಾರಂ ಹೊಡೆಯಲಿಲ್ಲ. ಜ್ವರವೇ? ನ್ಯುಮೋನಿಯಾವೇ? ಇಳಿದು ಹೋಗಿ ಕೇಳಿದೆ.

“ಏನಿಲ್ಲ ಅಂಕಲ್,” ರೂಪಾ ತಡವರಿಸಿದಳು. “ಎಣ್ಣೆ ಸ್ನಾನ ನಿಲ್ಸಿದೀವಿ. ಬಚ್ಚಲಲ್ಲಿ ನೀರು ವಾಪಸ್ ಬರ್ತಿದೆ. ಮಗೂಗೆ ಹಚ್ಚೋ ಎಣ್ಣೆಯಿಂದ್ಲೇ ಬ್ಲಾಕ್ ಆಗಿರ್ಬೇಕು. ನಿಮಗೆ ಹೇಳಿದ್ರೆ ಬೇರೆ ಮನೆ ನೋಡ್ಕೊಳ್ಳಿ ಅಂತೀರೇನೋ ಅಂತ…”

ಮೊಳದುದ್ದದ ಮಗುವಿಗೆ ಹಚ್ಚುವ ಎಣ್ಣೆ ಎಷ್ಟಿದ್ದೀತು? ಪ್ಲಂಬರ್ ಕರೆಸಿದೆ. ನಮ್ಮ ಅಡುಗೆಮನೆಯ ಪೈಪು ಅವರ ಬಚ್ಚಲಿನ ಪೈಪಿಗೆ ಸೇರುವ ಕಡೆ ಬಿಚ್ಚಿದಾಗ ಬಂದದ್ದು ಗಟ್ಟಿಯಾದ ವನಸ್ಪತಿಯ ಬಿಳೀ ಮುದ್ದೆ. ಗಿರಿಜಮ್ಮ ಬಗ್ಗಿ ನೋಡಿದರು. ಒಳಗೆ ಚಕ್ಲಿಯ ಚೂರುಗಳು.

“ನಮ್ ಕೂಸಿಗಿನ್ನೂ ಹಲ್ಲು ಬಂದಿಲ್ರೀ, ಸರ್,” ಎಂದರು.

ನನ್ನ ಹೆಂಡತಿ ಸುಮಾ ನನ್ನ ಮುಖ ನೋಡಿದಳು. ನೋಡದೆ ಇನ್ನೇನು? ಕರಿದ ಎಣ್ಣೆ ಮತ್ತೆ ಬಳಸಿದರೆ ಹಾರ್ಟಿಗೆ ಬ್ಲಾಕ್ ಎಂದು ಹೆದರಿ, ಬಾಣಲೆಯನ್ನು ಸಿಂಕಿಗೆ ಬಗ್ಗಿಸಿ ಮೇಲೊಂದು ಚೆಂಬು ಕುದಿನೀರು ಸುರಿಯುವವನು ನಾನೇ. (ವನಸ್ಪತಿಯಲ್ಲಿ ಕರಿದದ್ದನ್ನು ತಿನ್ನುವಾಗ ಈ ಹೆದರಿಕೆ ಎಲ್ಲಿ ಹೋಗಿರುತ್ತದೋ.)

“ರೀ, ಪೈಪ್ ಕಟ್ಕೊಳ್ಳುತ್ತೆ” ಎಂದು ಅವಳು ಹೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: “ಬಿಸಿನೀರು ಹಾಕಿದ್ರೆ ಹೋಗುತ್ತೆ ಕಣೇ.”

ಹೋಗುತ್ತಿತ್ತು, ಸುಳ್ಳಲ್ಲ. ನಮ್ಮ ಮನೆ ದಾಟಿ, ಅವರ ಮನೆ ಹತ್ತಿರ ತಣ್ಣಗಾಗಿ ಕೂರುತ್ತಿತ್ತು. ನನ್ನ ರಕ್ತನಾಳಕ್ಕೆ ಬರಬೇಕಿದ್ದ ಬ್ಲಾಕನ್ನು ಒಂದು ಮಗುವಿನ ಬಚ್ಚಲಿಗೆ ಟ್ರಾನ್ಸ್‌ಫರ್ ಮಾಡಿಸಿದ್ದೆ.

ಈಗ ಕರಿದ ಎಣ್ಣೆ ಆರಿದ ಮೇಲೆ ಹಳೇ ಡಬ್ಬಿಗೆ ಹೋಗುತ್ತದೆ. ಡಬ್ಬಿ ತುಂಬಿದರೆ ಮುಚ್ಚಳ ಬಿಗಿದು ಕಸದ ಗಾಡಿಗೆ. ಬಾಣಲೆಯನ್ನು ತೊಳೆಯುವ ಮೊದಲು ಹಳೇ ಪೇಪರಿನಲ್ಲಿ ಒರೆಸುತ್ತೇನೆ. (ಈ ಅಂಕಣದ ಪುಟ ಜಿಡ್ಡನ್ನು ಚೆನ್ನಾಗಿ ಹೀರುತ್ತದೆ ಎಂದು ಸುಮಾ ಸರ್ಟಿಫಿಕೇಟ್ ಕೊಟ್ಟಿದ್ದಾಳೆ.)

ನಿನ್ನೆಯಿಂದ ಅಲಾರಂ ಮತ್ತೆ ಹೊಡೆಯುತ್ತಿದೆ. ಕಿವಿಗೆ ಹಿತ. ಆದರೆ ಚಿಂತೆ ನನ್ನನ್ನು ಬಿಡಬೇಕಲ್ಲ?

ಕೆಳಗಿನ ಮನೆಯವರು ಇಷ್ಟು ದಿನ ಏನೂ ಹೇಳಲಿಲ್ಲ ಅಂದರೆ, ಪೈಪು ಸರಿಯಿತ್ತು ಅಂತಲೋ, ಓನರ್ ಸರಿಯಿರಲಿಲ್ಲ ಅಂತಲೋ?