ದನಿ ಹೋದ ಮೇಲಿನ ಜಪಸರ

ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗಿದೆ. ಕೊಟ್ಟಿಗೆ ಗುಡಿಸಿದೆ, ಹಾಲು ಕರೆದೆ, ಡೇರಿಗೆ ಹಾಕಿ ಬಂದೆ. ನಿನ್ನೆ ನೆನೆಹಾಕಿದ್ದ ಕಡಲೆಕಾಳನ್ನು ಕುಕ್ಕರಿನಲ್ಲಿ ಬೇಯಿಸಿದೆ. ನಡುಮನೆಯಲ್ಲಿದ್ದ ಜೋಳದ ಮೂಟೆಗಳನ್ನು ಜಗಲಿಗೆ ಎಳೆದು ನೆಲ ಒರೆಸಿದೆ. ಮೇಜಿಗೆ ಒಗೆದ ಬಿಳಿ ಬಟ್ಟೆ ಹಾಸಿ ಎರಡು ಮೇಣದಬತ್ತಿ ಇಟ್ಟೆ. ಇಷ್ಟನ್ನೂ ಒಲ್ಲದ ಮನಸ್ಸಿನಿಂದಲೇ ಮಾಡಿದೆ.

ಅಕ್ಟೋಬರ್ ನಮ್ಮೂರಿನ ಕ್ರೈಸ್ತರಿಗೆ ಜಪಸರದ ತಿಂಗಳು. ಮರಿಯಮಾತೆಯ ಪ್ರತಿಮೆ ದಿನಕ್ಕೊಂದು ಮನೆಗೆ ಬರುತ್ತದೆ. ಯಾರ ಮನೆಗೆ ಬಂತೋ ಆ ಮನೆಯಾಕೆಯೇ ಪ್ರಾರ್ಥನೆ ನಡೆಸುವುದು ನಮ್ಮಲ್ಲಿ ರೂಢಿ. ಒಂದೊಂದು ಮಣಿಗೂ ಮೊದಲರ್ಧ ಅವಳು ಹೇಳಬೇಕು, ಉಳಿದರ್ಧ ಸೇರಿದವರು ಹೇಳುತ್ತಾರೆ. ಈ ಸಂಜೆ ನಮ್ಮ ಮನೆಯ ಸರದಿ.

ನನಗೆ ದನಿಯೇ ಇಲ್ಲ.

ಶುರುವಾದದ್ದು ಕಳೆದ ಬೇಸಿಗೆಯಲ್ಲಿ. ಯಳಂದೂರಿನಲ್ಲಿರುವ ನಾದಿನಿ ಲೂರ್ದು ಊಟ ಬಡಿಸುತ್ತಿದ್ದವಳು ಸೌಟು ಹಿಡಿದು ಹಾಗೇ ನಿಂತಳು.

"ಅತ್ಗೆ, ಕತ್ತಲ್ಲೇನದು? ನೀನು ನುಂಗ್ದಾಗೆಲ್ಲ ನಿಂಬೆಕಾಯಿ ಇದ್ದಂಗೆ ಮ್ಯಾಕೆ ಕೆಳಿಕೆ ಓಯ್ತದೆ."

"ನಿನ್ ಸಾರಿನ ಖಾರ ಕಣೇ, ಅಲ್ಲೇ ನಿಂತದೆ," ಎಂದು ನಕ್ಕೆ. ಅವಳು ನಗಲಿಲ್ಲ.

ಕೊಳ್ಳೇಗಾಲದಲ್ಲಿ ಸ್ಕ್ಯಾನ್ ಆಯಿತು. ಮೈಸೂರಿನಲ್ಲಿ ಬಯಾಪ್ಸಿ.

ಕ್ಯಾನ್ಸರ್.

ಆಪರೇಷನ್ನಿನ ಹಿಂದಿನ ದಿನ ವಾರ್ಡಿನಲ್ಲಿ ಜಪಸರ ಹಿಡಿದು ಒಂದೇ ಮಾತು ಬೇಡಿದೆ. ಜೀವ ಉಳಿಸು. ಉಳಿಯಿತು. ಎಚ್ಚರವಾದ ಮೇಲೆ ಡಾಕ್ಟರು ಹಾಸಿಗೆಯ ಪಕ್ಕ ನಿಂತು ನಿಧಾನವಾಗಿ ಹೇಳಿದರು. "ಗಡ್ಡೆ ವೋಕಲ್ ಕಾರ್ಡಿನ ನರಕ್ಕೆ ಅಂಟಿಕೊಂಡಿತ್ತಮ್ಮ. ನರನೂ ತೆಗೀಲೇಬೇಕಾಯ್ತು. ಮಾತು ಸ್ವಲ್ಪ ಸುಧಾರಿಸಬಹುದು. ಮೊದಲಿನ ದನಿ ಬರಲ್ಲ."

ದನಿ ಉಳಿಸು ಎಂದು ಬೇಡುವುದು ನನಗೆ ತೋಚಿಯೇ ಇರಲಿಲ್ಲ.

ಅಲ್ಲಿಂದ ಹೆದರಿಕೆ ಹಿಡಿಯಿತು. ಬೇಡಿದ್ದಷ್ಟನ್ನೇ ದೇವರು ಅಳೆದು ಕೊಟ್ಟನೇ? ಹಾಗಾದರೆ ಇನ್ನೂ ಏನೇನನ್ನು ಬೇಡಲು ಮರೆತಿದ್ದೇನೆ? ಪ್ರಾರ್ಥನೆಗೆ ಕೂತರೆ ಗಂಡ, ನಾದಿನಿ, ಅವಳ ಮಕ್ಕಳು, ಒಬ್ಬೊಬ್ಬರ ಹೆಸರೂ ನೆನಪಿಗೆ ಬಂದು, ಯಾರಾದರೂ ಬಿಟ್ಟುಹೋದರೋ ಎಂದು ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ಕೊನೆಗೆ ಕೂರುವುದನ್ನೇ ಬಿಟ್ಟೆ. ಭಾನುವಾರ ಚರ್ಚಿನ ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತು ಬರುತ್ತಿದ್ದೆ. ಪಂಚರ್ ಆದ ಟಯರಿನಂತೆ ಸೋರುವ ಈ ಸದ್ದು ಪಕ್ಕದವರಿಗೇ ಕೇಳಿಸದಿರುವಾಗ ದೇವರಿಗೆ ಹೇಗೆ ಮುಟ್ಟೀತು?

ನೀರು ಕುಡಿಯಬೇಕಾದರೂ ಗಲ್ಲವನ್ನು ಎದೆಗೆ ತಾಗಿಸಿ ನುಂಗಬೇಕು. ಇಲ್ಲದಿದ್ದರೆ ಕೆಮ್ಮು. ಹೊಲದಲ್ಲಿರುವ ಇವರನ್ನು ಊಟಕ್ಕೆ ಕರೆಯಲು ತಟ್ಟೆ ಬಡಿಯುತ್ತೇನೆ. "ನಿನ್ ಕೂಗ್ಗೆ ಕಾಡಂದಿನೂ ಓಡೋಯ್ತಿದ್ವು. ಈಗ ನಾನೇ ಓಡುಸ್ಬೇಕು," ಎಂದು ಇವರು ತಮಾಷೆ ಮಾಡುತ್ತಾರೆ. ಆಮೇಲೆ ಮುಖ ತಿರುಗಿಸಿಕೊಳ್ಳುತ್ತಾರೆ.

ಆ ದನಿ ನನ್ನನ್ನು ಬಿಟ್ಟು ಹೋಗಿಲ್ಲ. ಬಾಯಿ ತೆರೆದಾಗೆಲ್ಲ ಮೊದಲು ತಲೆಯೊಳಗೆ ಅದೇ ಮಾತಾಡುತ್ತದೆ, ತುಂಬು ದನಿಯಲ್ಲಿ. ಒಂದು ದಿನ ಕೊಟ್ಟಿಗೆಯಲ್ಲಿದ್ದಾಗ ಕೈತಪ್ಪಿ ಫೋನ್ ಒತ್ತಿಬಿಟ್ಟೆ. ಲೂರ್ದುವಿಗೆ ಎಂದೋ ಕಳಿಸಿದ್ದ ವಾಯ್ಸ್ ಮೆಸೇಜ್. "ಲೇ ಲೂರ್ದು, ಸಂತೆಗೆ ಬತ್ತೀಯೇನೇ?" ಸತ್ತವರು ಬಾಗಿಲಲ್ಲಿ ಬಂದು ಕರೆದಂತಾಯಿತು. ಮೇಯುತ್ತಿದ್ದ ಹಸು ತಲೆಯೆತ್ತಿ ಅಂಬಾ ಎಂದಿತು.

ನನ್ನತ್ತ ನೋಡಲಿಲ್ಲ. ಫೋನಿನತ್ತ ನೋಡಿತು.

ಹಾಗಾಗಿಯೇ ಇವತ್ತು ಮಧ್ಯಾಹ್ನ ಇವರ ಕೈ ಹಿಡಿದು ಕೇಳಿಕೊಂಡೆ. "ಮಾತೆನ ಮುಂದಿನ್ ಮನೆಗೆ ಕಳ್ಸುಬುಡಿ ಕಣ್ರಿ."

"ಅವ್ವ ಮನೆಗೆ ಬತ್ತಾವ್ಳೆ. ಬ್ಯಾಡ ಓಗು ಅನ್ನಕಾದದಾ?" ಎಂದು ಟವೆಲ್ ಕೊಡವಿ ಎದ್ದರು.

ಸಂಜೆ ಪ್ರತಿಮೆ ಬಂತು. ಮನೆ ತುಂಬಾ ಜನ. ಪಕ್ಕದ ಮನೆಯ ಮುದುಕಿ ಜ್ಞಾನಮ್ಮ ಎಂದಿನಂತೆ ಎಲ್ಲರನ್ನೂ ತಳ್ಳಿಕೊಂಡು ಬಂದು ನನ್ನ ಎದುರಿಗೇ ಕೂತಳು. ನಾನು ಮೊದಲ ಮಣಿ ಹಿಡಿದು ಅರ್ಧ ಹೇಳಿ ನಿಲ್ಲಿಸಿದೆ.

ಯಾರೂ ಹೇಳಲಿಲ್ಲ.

ಮುಗಿಯಿತೋ ಇಲ್ಲವೋ ಅವರಿಗೆ ಗೊತ್ತಾಗಿರಲಿಲ್ಲ. ಯಾರೋ ಕೆಮ್ಮಿದರು. ಎದ್ದು ಒಳಗೆ ಹೋಗಿಬಿಡಲೇ ಎನಿಸಿತು. ಅಷ್ಟರಲ್ಲಿ ಜ್ಞಾನಮ್ಮ ಒಬ್ಬಳೇ, ಮನೆಯೆಲ್ಲ ಕೇಳುವಂತೆ, ಉಳಿದರ್ಧ ಹೇಳಿದಳು. ಎರಡನೆಯ ಮಣಿಗೆ ಸರಿಯಾದ ಕ್ಷಣಕ್ಕೆ ಮತ್ತೆ ಅವಳೇ. ಮೂರನೆಯದಕ್ಕೆ ಎಲ್ಲರೂ ಅವಳ ಹಿಂದೆ ಸೇರಿಕೊಂಡರು. ನನ್ನ ಉಸಿರು ನಿಲ್ಲುವ ಕಡೆ ಅವರೆಲ್ಲರ ದನಿ ಎದ್ದು ಬರುತ್ತಿತ್ತು. ಜಪಸರ ಮುಗಿಯುವವರೆಗೂ ಹಾಗೆಯೇ ನಡೆಯಿತು.

ಕೊನೆಗೆ ಮನೆಯವರು ತಮ್ಮ ಬೇಡಿಕೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವ ಹೊತ್ತು. ಹೆಸರುಗಳನ್ನು ಜೋಡಿಸಲು ಹೋಗಲಿಲ್ಲ. ಏನನ್ನೂ ಬೇಡಲಿಲ್ಲ. ಇಲ್ಲಿದ್ದೇನೆ ತಾಯಿ, ಅಂದೆ. ಸಾಕೆನಿಸಿತು.

ಉಸಲಿ ಹಂಚುವಾಗ ಜ್ಞಾನಮ್ಮನ ಕಿವಿಯ ಹತ್ತಿರ ಬಗ್ಗಿ, ನಾನು ಹೇಳಿದ್ದು ನಿನಗೆ ಹೇಗೆ ಕೇಳಿಸಿತು ಎಂದೆ. ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಈ ಕಡೀಕ್ ತಿರುಗಿ ಏಳಮ್ಮಿ." ಮತ್ತೆ ಕೇಳಿದೆ. "ಅಯ್ಯೋ, ನನ್ ಕಿವಿ ಓಗಿ ಎಷ್ಟ್ ವರ್ಸಾಯ್ತು. ನೀನು ಊರ್ಗೆಲ್ಲ ಕೇಳಂಗೆ ಕಿರುಚ್ತಿದ್ದಾಗ್ಲೂ ನಂಗೆ ಕೇಳ್ತಿರ್ನಿಲ್ಲ ಕಣಮ್ಮಿ. ನಿನ್ ಬಾಯಿ ನೋಡ್ಕಂಡೇ ಏಳ್ತಿದ್ದೆ. ಇವತ್ತೇನ್ ಬ್ಯಾರೆ ಆಗೋಯ್ತಾ?" ಎಂದು ಉಸಲಿ ಬಾಯಿಗೆ ಹಾಕಿಕೊಂಡಳು. "ಉಪ್ಪು ಕಮ್ಮಿ ಆಗದೆ."

ಹೆದರಿಕೆ ಹೋಯಿತೆಂದು ಬರೆಯಲಾರೆ. ಮುಂದಿನ ತಿಂಗಳು ಮತ್ತೆ ಸ್ಕ್ಯಾನ್ ಇದೆ. ಈ ಸಾಲು ಬರೆಯುವಾಗಲೂ ಆ ಹಳೆಯ ದನಿಯೇ ಒಳಗೆ ಓದಿ ಹೇಳುತ್ತಿದೆ. ಇರಲಿ ಬಿಡು ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ಅನ್ನ, ಮಧ್ಯಾಹ್ನದ ಹುರುಳಿಕಾಳಿನ ಸಾರು, ತಳದಲ್ಲಿ ಉಳಿದ ಉಸಲಿ ಉಂಡೆವು. ಆಪರೇಷನ್ ಆದಾಗಿನಿಂದ ಇವರು ನನ್ನ ಉಸಿರು ಕೇಳಿಸಿಕೊಳ್ಳುತ್ತಾ ಎಚ್ಚರವಾಗಿರುತ್ತಿದ್ದರು. ನನಗೆ ನಿದ್ದೆ ಬಂದ ಮೇಲೆಯೇ ತಾವು ಕಣ್ಣು ಮುಚ್ಚುತ್ತಿದ್ದರು. ಇವತ್ತು ನಾನು ತಟ್ಟೆ ತೊಳೆದು ಒಳಗೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು.