ಜರೀಫಾ ಕಟ್ಟುವ ಏಳು ದಿನದ ಮನೆ

ಜೆರುಸಲೇಮಿನ ಹಳೆಯ ಓಣಿಯಲ್ಲಿ ಬೆಳಕು ಹರಿಯುತ್ತಿದೆ. ಎರಡು ಮನೆಗಳ ಅಂಗಳಕ್ಕೆ ಕತ್ತಲಲ್ಲೇ ಬಂದು, ಕೈಗೆ ರೂಢಿಯಾದ ಜಾಗದಲ್ಲಿ ಹಲಗೆಯ ಗೋಡೆ ನಿಲ್ಲಿಸಿದ ಜರೀಫಾ ಈಗ ಗುಡಿಸಲಿನೊಳಗೆ ಅಂಗಾತ ಮಲಗಿದ್ದಾಳೆ. ಖರ್ಜೂರದ ಗರಿ ಹೊದಿಸುವ ಮುನ್ನ ಮಲಗಿ ಆಕಾಶ ನೋಡುವುದು ಅವಳ ಪದ್ಧತಿ. ಇವತ್ತು ಆಕಾಶವೇ ಇಲ್ಲ. ಪಕ್ಕದ ಮನೆಯ ಮಲ್ಕಾಳ ಹೊಸ ಬಾಲ್ಕನಿಯಿದೆ, ಅದರಿಂದ ಹೂವಿನ ಲಂಗವೊಂದು ಇಳಿಬಿದ್ದಿದೆ.

"ಶಬತಾಯ್ ಅಜ್ಜ! ಬಾಲ್ಕನಿ ಬಂದಿದೆ ಅಂತ ಒಂದು ಮಾತು ಹೇಳಬಾರದಾ?"

ಮನೆಯ ಯಜಮಾನ ಶಬತಾಯ್ ತಲೆ ತಗ್ಗಿಸಿಕೊಂಡೇ ಹೊರಬರುತ್ತಾನೆ. "ಆ ಮಲ್ಕಾಳ ಜೊತೆ ಮಾತು ಬಿಟ್ಟಿದೀನಿ. ಆ ಕಡೆ ಕಣ್ಣೆತ್ತಿಯೂ ನೋಡಲ್ಲ ಅಂತ ಶಪಥ ಮಾಡಿದೀನಿ."

ಮೇಲೆ ಸೂರು ಬಂದರೆ ಅದು ಯಹೂದಿಗಳು ಏಳು ದಿನ ಹೊರಗೆ ಉಣ್ಣುವ ಸುಕ್ಕೋತ್ ಹಬ್ಬದ ಗುಡಿಸಲಾಗುವುದಿಲ್ಲ. ಗರಿಗಳ ನಡುವೆ ನಕ್ಷತ್ರ ಕಾಣಬೇಕು. ಸಂಜೆಗೆ ಹಬ್ಬ. ಹೆಂಡತಿ ತೀರಿಕೊಂಡ ವರ್ಷವೂ ಶಬತಾಯ್ ಈ ಏಳು ದಿನ ಮನೆಯೊಳಗೆ ಉಂಡವನಲ್ಲ. "ನಮ್ಮ ಹಿರಿಯರು ಮರುಭೂಮಿಯಲ್ಲಿ ಗುಡಿಸಲು ಕಟ್ಕೊಂಡಿದ್ರಲ್ಲ, ಅವರ ತಲೆ ಮೇಲೆ ಯಾರಾದ್ರೂ ಬಾಲ್ಕನಿ ಕಟ್ಟಿದ್ರಾ?" ಎನ್ನುತ್ತಾನೆ.

ಜರೀಫಾ ವರ್ಷವಿಡೀ ಬಾಗಿಲು, ಕಿಟಕಿ ರಿಪೇರಿ ಮಾಡುತ್ತಾಳೆ. ಗಂಡ ಹೋದ ಮೇಲೆ ಅವನ ಸುತ್ತಿಗೆ ಹಿಡಿದಾಗ ಓಣಿ ನಕ್ಕಿತ್ತು. ಈಗ ಹಬ್ಬದ ಹಿಂದಿನ ವಾರ ಓಣಿಯ ಅರ್ಧ ಗುಡಿಸಲುಗಳು ಅವಳು ಕಟ್ಟಿದವೇ. "ನಕ್ಕವರ ಮನೇಲಿ ಎರಡು ಮೊಳೆ ಜಾಸ್ತಿ ಹೊಡೀತೀನಿ. ಸದ್ದು ಚೆನ್ನಾಗಿ ಕೇಳ್ಲಿ ಅಂತ."

ಅಂಗಳದಲ್ಲಿ ತೆರೆದ ಆಕಾಶ ಉಳಿದಿರುವುದು ಒಂದೇ ಕಡೆ, ಮಲ್ಕಾಳ ಹೊಸ್ತಿಲ ಮುಂದೆ. ಜರೀಫಾ ಬಾಗಿಲು ತಟ್ಟುತ್ತಾಳೆ.

"ಏಳು ದಿನ ಆ ಮುದುಕನ ಮೂತಿ ನನ್ನ ಬಾಗಿಲಿಗೆ ಕಟ್ತೀಯೇನೇ?" ಮಲ್ಕಾ ಸೊಂಟಕ್ಕೆ ಕೈಯಿಡುತ್ತಾಳೆ. "ನಾನು ಹೊರಗೆ ಹೋಗೋದು ಹೆಂಗೆ?"

"ಗುಡಿಸಲಿನೊಳಗಿಂದಲೇ ಹೋಗಕ್ಕ. ಹಬ್ಬದ ಗುಡಿಸಲಿಗೆ ಕಾಲಿಟ್ಟವರನ್ನ ಊಟಕ್ಕೆ ಕರೀಲೇಬೇಕು. ನೀನು ಹೋದಾಗೊಮ್ಮೆ, ಬಂದಾಗೊಮ್ಮೆ ಅಜ್ಜ ಬಾಯಿಬಿಟ್ಟು 'ಬನ್ನಿ, ಕೂತ್ಕೊಳ್ಳಿ' ಅನ್ನಬೇಕು."

ಮಲ್ಕಾ ಯೋಚಿಸುತ್ತಾಳೆ. ಮುಖ ನಿಧಾನಕ್ಕೆ ಅರಳುತ್ತದೆ. "ಕಟ್ಟು. ಗಟ್ಟಿಯಾಗಿ ಕಟ್ಟು."

ಗೋಡೆಗಳು ಸರಿಯುತ್ತವೆ, ಗರಿ ಏರುತ್ತದೆ, ಅಲಂಕಾರಕ್ಕೆ ದಾಳಿಂಬೆಗಳು ತೂಗುತ್ತವೆ. ದೀಪ ಹಚ್ಚಿದ ಮೇಲೆ ಮಲ್ಕಾ ಕಸ ಹಾಕಲು ಹೋಗುತ್ತಾಳೆ, ಬರುತ್ತಾಳೆ. ಹೊರಗೆ ಗಾಳಿ ಹೇಗಿದೆಯೆಂದು ನೋಡಲು ಮತ್ತೆ ಹೋಗುತ್ತಾಳೆ.

"ಬನ್ನಿ, ಕೂತ್ಕೊಳ್ಳಿ," ಎನ್ನುತ್ತಾನೆ ಶಬತಾಯ್ ಪ್ರತಿಸಲವೂ, ಹಲ್ಲು ಕಚ್ಚಿ. ಕೊನೆಗೆ ಸೋತು, "ಕೂತ್ಕೊಳ್ಳೇ ಮಾರಾಯ್ತಿ, ಸಾರು ಆರ್ತಿದೆ!"

ಮಲ್ಕಾ ಕೂರುತ್ತಾಳೆ. ಒಂದು ತುತ್ತು ತಿಂದು, "ಉಪ್ಪಿಲ್ಲ," ಎನ್ನುತ್ತಾಳೆ. ಒಳಗೆ ಹೋಗಿ ಉಪ್ಪು ತಂದು ತಾನೇ ಬಡಿಸುತ್ತಾಳೆ.

ಮೂಲೆಯಲ್ಲಿ ಜರೀಫಾಳಿಗೂ ತಟ್ಟೆ ಸಿಕ್ಕಿದೆ. ಹಬ್ಬ ಮುಗಿದರೆ ಇದನ್ನೆಲ್ಲ ಅವಳೇ ಬಿಚ್ಚಬೇಕು. ಬೇಸರವಾಗುವುದಿಲ್ಲವೇ ಎಂದು ಕೇಳುತ್ತಾನೆ ಶಬತಾಯ್.

"ಯಾಕೆ ಬೇಸರ?" ಅವಳು ರೊಟ್ಟಿ ಮುರಿಯುತ್ತಾಳೆ. "ಮಾಡಿನ ತುಂಬ ತೂತು ಬಿಟ್ಟು ಶಹಬ್ಬಾಸ್ ಅನ್ನಿಸಿಕೊಳ್ಳೋ ಕಸುಬು ಇನ್ಯಾವುದಿದೆ, ಹೇಳಿ?"