ನಾಲ್ಕಾಟದ ಪೆಟ್ಟಿಗೆಯ ಪೂಜೆ

ಮಾನ್ವಿಯ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ನಮ್ಮದೊಂದು ಜ್ಯೂಸ್ ಅಂಗಡಿ. ಗಿರಾಕಿಗಳು ನಾಲ್ಕು ಗಳಿಗೆ ನಿಲ್ಲಲಿ ಎಂದು ನನ್ನ ಗಂಡ ರಾಯಚೂರಿನಿಂದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ತಂದರು. ಆಳೆತ್ತರದ್ದು. ಒಂದರಲ್ಲೇ ನಾಲ್ಕು ಆಟ: ಇಟ್ಟಿಗೆ ಒಡೆಯುವುದು, ಕಾರು ಓಡಿಸುವುದು, ವಿಮಾನ ಹೊಡೆಯುವುದು, ಹಾವು ಬೆಳೆಸುವುದು. ಆಟ ಬದಲಿಸಲು ಮುಂದೆ ಕಬ್ಬಿಣದ ಹಿಡಿಯೊಂದಿತ್ತು. ನಾನು ಮೊದಲ ಸಲ ಅದನ್ನು ತಿರುಗಿಸಿದಾಗ ಮೊಣಕೈವರೆಗೂ ಜುಮ್ಮೆಂದಿತು. ಅವತ್ತಿನಿಂದ ಆ ಪೆಟ್ಟಿಗೆಯ ಮುಂದೆ ಹಾಯುವಾಗಲೆಲ್ಲ ಸೀರೆ ಬಿಗಿಹಿಡಿದು ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದೆ.

ಕರೆಂಟಿನ ಕೆಲಸದವನು ಬಂದು ನೋಡಿದ. "ಬ್ಯಾಸಗಿಗೆ ಅರ್ಥಿಂಗ್ ಗುಂಡಿ ಒಣಗೇದರೀ, ಅದಕ್ಕ ಹಿಡಿಗಿ ಕರೆಂಟ್ ಬರಾಕತ್ತೇದ. ಹೊಸಾದು ತೋಡಬೇಕು. ಅಲ್ಲೀತನಕ ಯಾರೂ ಬರಿಗಾಲಿಲೆ ಮುಟ್ಟಬ್ಯಾಡ್ರಿ," ಎಂದ.

ಆದರೆ ನಮ್ಮತ್ತೆ ಸೋಮವಾರವೇ ಪೆಟ್ಟಿಗೆಯ ಪೂಜೆಯೆಂದು ಓಣಿಗೆಲ್ಲ ಹೇಳಿಬಿಟ್ಟಿದ್ದರು. ನಾನು ಹೆದರಿಕೆ ನುಂಗಿಕೊಂಡು, "ಅತ್ತಿ, ಸ್ವಿಚ್ ಬಂದ್ ಮಾಡಿ ಪೂಜಿ ಮಾಡೋಣ್ರಿ," ಎಂದೆ.

"ಕತ್ತಲ ಪೆಟ್ಟಿಗಿಗೆ ಎಂಥಾ ಪೂಜಿ ಬೇ? ಬೆಳಕು ಹತ್ತಿರಬೇಕದು," ಎಂದರು. ಗಂಡನ ಮುಖ ನೋಡಿದೆ. ಅವರು ತೆಂಗಿನಕಾಯಿ ಸುಲಿಯುವುದರಲ್ಲಿ ಮುಳುಗಿದ್ದರು. ತಾಯಿಯ ಎದುರು ಅವರಿಗೆ ಯಾವಾಗಲೂ ಇಂಥದ್ದೊಂದು ಕೆಲಸ ಇದ್ದೇ ಇರುತ್ತದೆ.

ಸೋಮವಾರ ಬೆಳಿಗ್ಗೆ ಅಂಗಡಿ ತೊಳೆದು ರಂಗೋಲಿ ಹಾಕಿದ್ದಾಯಿತು. ಪೂಜೆಯೆಂದರೆ ಪೂಜೆ, ಬಂದವರೆಲ್ಲ ಚಪ್ಪಲಿ ಹೊರಗೆ ಬಿಟ್ಟರು. ಒದ್ದೆ ನೆಲ, ಬರಿಗಾಲು. ಅತ್ತೆ ಪೆಟ್ಟಿಗೆಯ ಹಣೆಗೆ ವಿಭೂತಿ ಎಳೆದರು, ಹೂ ಏರಿಸಿದರು. ಬೇಡ ಬೇಡ ಎಂದು ನಾನು ಒಳಗೊಳಗೇ ಅನ್ನುತ್ತಿರುವಾಗಲೇ ಒದ್ದೆ ಕೈಯಿಂದ ಆ ಹಿಡಿಗೆ ಕುಂಕುಮ ಹಚ್ಚಲು ಹೋದರು.

ಅತ್ತೆಯ ಬೆರಳುಗಳು ಹಿಡಿಗೆ ಬಿಗಿದುಕೊಂಡವು. ಮೈ ಗಡಗಡ ನಡುಗಿತು, ಬಳೆಗಳು ಸದ್ದು ಮಾಡಿದವು, ತುರುಬು ಬಿಚ್ಚಿತು.

"ಯವ್ವಾ! ಮೈಮ್ಯಾಗ ದೇವ್ರು ಬಂತು!" ಎಂದಳು ಪಕ್ಕದ ಮನೆಯಾಕೆ. ಎಲ್ಲರೂ ಕೈ ಮುಗಿದರು. ಯಾರೋ ಗಂಟೆ ಜೋರಾಗಿ ಬಾರಿಸಿದರು. ನನ್ನ ಗಂಡ ಕೂಡ ಕಣ್ಣು ಮುಚ್ಚಿ ನಿಂತುಬಿಟ್ಟರು.

ಅದು ದೇವರಲ್ಲ, ಕರೆಂಟು ಎಂದು ನನಗೊಬ್ಬಳಿಗೇ ಗೊತ್ತಾಯಿತು. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ. ಬುದ್ಧಿ ಓಡಲಿಲ್ಲ, ಕಾಲು ಮಾತ್ರ ಓಡಿತು. ಅತ್ತೆಯನ್ನು ಎಳೆದುಕೊಳ್ಳಲು ಎರಡೂ ಕೈ ಚಾಚಿದೆ.

ಅತ್ತೆಯ ಕಣ್ಣುಗಳು ನನ್ನ ಕಡೆ ಹೊರಳಿದವು. ಕಚ್ಚಿದ ಹಲ್ಲಿನ ಸಂದಿಯಿಂದ ಒಂದೇ ಮಾತು ಬಂತು: "ಮುಟ್ಟಬ್ಯಾಡ!"

ಆಗ ನನಗೆ ಎಚ್ಚರವಾಯಿತು. ತಿರುಗಿ ಓಡಿ ಮೇನ್ ಸ್ವಿಚ್ ಎಳೆದೆ. ಅತ್ತೆ ರಂಗೋಲಿಯ ಮೇಲೆಯೇ ಕುಸಿದರು. ಉಸಿರಾಡುತ್ತಿದ್ದರು. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಸುಟ್ಟ ಬೆರಳುಗಳಿಂದಲೇ ನನ್ನ ಕೈ ತಡವಿ ನೋಡಿದರು. "ನಿನಗೇನೂ ಆಗಿಲ್ಲಲ್ಲ?" ಎಂದು ಕೇಳಿದರು. ನಾನು ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ.

ಈಗ ಹೊಸ ಗುಂಡಿ ತೋಡಿಸಿ ಎಲ್ಲ ಸರಿ ಮಾಡಿಸಿದ್ದೇವೆ. ಪೆಟ್ಟಿಗೆಯನ್ನು ಮಾರೋಣವೆಂದರೆ ಅತ್ತೆ ಒಪ್ಪಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಇಟ್ಟಿಗೆ ಒಡೆಯುತ್ತ ನಿಲ್ಲುತ್ತಾರೆ. ಅವರು ಆಡುವಷ್ಟು ಹೊತ್ತು ನಾನು ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿರುತ್ತೇನೆ.

"ಅಲ್ಲೇನ್ ಕಾಯಾಕತ್ತೀದಿ? ಹೋಗಿ ಚಾ ಇಡು," ಎಂದು ಗದರುತ್ತಾರೆ.

ಅವರ ಈ ಮಾತೊಂದನ್ನು ಮಾತ್ರ ನಾನು ಕೇಳುವುದಿಲ್ಲ.